ಸದರಿ ಮರಗಳು

ಶಿವಾಜಿನಗರದ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು
ಇಪ್ಪತ್ತಾರು ವರ್ಷ ಕ್ರಯಪತ್ರ ಬರೆದವನು ನಾನು.
ನಿಧಿ ನಿಕ್ಷೇಪ ಜಲ ತರು ಪಾಷಾಣ
ಉಸಿರು ತೆಗೆದುಕೊಳ್ಳದೆ ಬರೆಯುತ್ತಿದ್ದೆ.
ತರು ಅಂದರೆ ಯಾವ ತರು,
ಒಬ್ಬರೂ ಕೇಳಲಿಲ್ಲ. ನಾನೂ.

ಈಗ ಕಾಕ್ಸ್‌ಟೌನಿನ ಈ ಮನೆ ನನ್ನ ಹೆಸರಿಗೇ ಆಗಿ
ಹಿತ್ತಲಲ್ಲಿ ಮೂರು ನಿಂತಿವೆ,
ಮಾವಲ್ಲ, ತೆಂಗಲ್ಲ, ನುಗ್ಗೆಯಲ್ಲ,
ಎಲೆ ಅನ್ನಲು ಎಲೆಯಿಲ್ಲ.
ಇಸ್ತ್ರಿ ಗಾಡಿಯ ಸೆಲ್ವಿಗೆ ಮೂರೂ ಕ್ರಿಸ್‌ಮಸ್ ಮರ.
ಹೆಂಡತಿ ವಿಮಲಾಕ್ಷಿಗೆ ಮೂರೂ ಕಸ,
ಗುಡಿಸಿದಷ್ಟೂ ಉದುರುವ ಕಸ.
ಮರಗಣತಿಯ ಹುಡುಗ ನದೀಮ್ ಗೇಟಿನಲ್ಲಿ ನಿಂತು
ಮೊಬೈಲಿನ ಮೇಲೆ ಬೆರಳಾಡಿಸುತ್ತ ಕೇಳಿದ:
'ಹೆಸರು ಹೇಳಿ ಸಾರ್, ಹೆಸರಿಲ್ಲದೆ ಮುಂದಕ್ಕೆ ಹೋಗಲ್ಲ ಇದು.'
ಗುರುವಾರ ಬಾ ಅಂದೆ.

ಮನೆ ಮಾರಿದ ಐವಿ ಮೇಡಮ್ಮಿಗೆ ಫೋನು ಮಾಡಿದೆ.
'ಓ, ಅವಾ? ಪಪ್ಪ ನೆಟ್ಟಿದ್ದು.'
ಸರಿ. ಬಿನ್ ಅಲೋಷಿಯಸ್.
ತಂದೆಯ ಹೆಸರು ಸಿಕ್ಕಿತು, ಮಕ್ಕಳದ್ದು ಉಳಿಯಿತು.

ಗೋಡೆ ಪಕ್ಕದ ಗಿಡ್ಡನೆಯದು ಮೊದಲು.
ಕೈ ಜೋಡಿಸಿದ ಹಾಗೆ ಮೇಲಕ್ಕೆ ನಿಂತ ಚಪ್ಪಟೆ ಬೀಸಣಿಗೆಗಳು,
ಇಸ್ತ್ರಿ ಹಾಕಿದ್ದು ಸೆಲ್ವಿಯೇ ಇರಬೇಕು.
ಹಿಸುಕಿದರೆ ಹೊಸ ವಾರ್ನಿಷು ಬಳಿದ ಬೆಂಚಿನ ವಾಸನೆ.
ತಟ್ಟನೆ ನೆನಪಾಯಿತು: ಐದನೇ ಕ್ಲಾಸು,
ಗಣಿತದ ಪುಸ್ತಕದ ನಡುವೆ ಇದನ್ನೇ ಇಟ್ಟು
ವಿದ್ಯೆ ಹತ್ತಲೆಂದು ಕಾದಿದ್ದೆ.
ಬೂದಿನೀಲಿ ಕಾಯಿ, ಅದರ ಮೂಲೆಮೂಲೆಗೂ ಸಣ್ಣ ಕೊಕ್ಕೆ.
ಥೂಜಾ. ಬರೆದುಕೊಂಡೆ.
ಗಣಿತ ಹತ್ತಲಿಲ್ಲ; ಅದರಲ್ಲಿ ಇದರ ತಪ್ಪೇನಿಲ್ಲ.

ಸಂಪಿನ ಹತ್ತಿರದ್ದು ಎರಡನೆಯದು.
ಮೈಯೆಲ್ಲ ಸೂಜಿ, ಗಾಳಿ ಬಂದರೆ ಏನೋ ಒಂದು ದೂರು.
ಪೈನ್ ಅಂದುಕೊಂಡೇ ಎರಡು ದಿನ ಕಳೆದೆ.
ಹೆಬ್ಬೆಟ್ಟಿನ ಗುರುತು ನೋಡುತ್ತಿದ್ದ ಹಳೆಯ ಭೂತಗನ್ನಡಿ ಹಿಡಿದು
ಒಂದು ಸೂಜಿ ಎಳೆದರೆ, ಟಕ್,
ರೈಲುಡಬ್ಬಿಯಂತೆ ಗಂಟಿನಲ್ಲಿ ಕಳಚಿತು.
ಗಂಟಿನ ಸುತ್ತ ಧೂಳಿನಷ್ಟು ಹಲ್ಲು: ಅವೇ ಎಲೆ.
ಸೂಜಿ ಅಂದದ್ದು ಕಡ್ಡಿ.
ಇದು ಸರ್ವೆ, ಪೈನಿನ ಕುಲವೇ ಅಲ್ಲ.
ಸತ್ತ ಅಣ್ಣನ ಹೆಸರಿಗೆ ಹೆಬ್ಬೆಟ್ಟು ಒತ್ತಲು ಬಂದವನೊಬ್ಬನನ್ನು
ಒಮ್ಮೆ ನಾನೇ ಹಿಡಿದುಕೊಟ್ಟಿದ್ದೆ;
ಅವನ ಕಿವಿ ಕೆಂಪಾಗಿದ್ದು ಇನ್ನೂ ಕಣ್ಣಲ್ಲಿದೆ.
ಆದರೆ ಈ ಮರ ಎಲ್ಲಿ ಸಹಿ ಹಾಕಿತ್ತು?
ಪೈನ್ ಅಂದವನು ನಾನು.
ಹಲ್ಲು ಏಳು ಅಂದೆ. ಎಂಟು ಅಂದಳು ವಿಮಲಾಕ್ಷಿ.
ಪೊರಕೆ ಕೆಳಗಿಟ್ಟು ಮತ್ತೊಮ್ಮೆ ಎಣಿಸಿದಳು. ಎಂಟೇ.

ಮೂರನೆಯದು ಮನೆಗಿಂತ ಎತ್ತರ.
ಗಾರೆ ಕೆಲಸದ ಆಂಜಿನಪ್ಪ ನೋಡಿದ್ದೇ ತೂಗುಗುಂಡು ಬಿಟ್ಟ:
'ವಾಲೈತೆ ಸಾ. ತೆಗ್ಸಿಬುಡಿ.'
ಬುಡ ಗಟ್ಟಿ, ಬೇರು ಗಟ್ಟಿ, ಆದರೂ ಇಡೀ ಮೈ ದಕ್ಷಿಣಕ್ಕೆ.
ಎಣ್ಣೆ ಹಾಕಿ ಬಿಗಿದು ಹೆಣೆದ ಜಡೆಯಂಥ
ಉದುರಿದ ರೆಂಬೆಯೊಂದನ್ನು
ಪೇಪರಿನಲ್ಲಿ ಸುತ್ತಿ ಲಾಲ್‌ಬಾಗಿಗೆ ಒಯ್ದೆ.
ನೀರು ಬಿಡುತ್ತಿದ್ದ ಮಾಲಿ ಪೈಪು ಕೆಳಗಿಡದೆ ನೋಡಿದ:
'ಅರಕೇರಿಯಾ. ವಾಲಿದೆಯಾ? ದಕ್ಷಿಣಕ್ಕಾ?
ಇದರ ಜಾತೀನೇ ಹಂಗೆ ಸ್ವಾಮಿ.
ಈ ಕಡೆ ನೆಟ್ರೆ ದಕ್ಷಿಣಕ್ಕೆ,
ಭೂಮಧ್ಯರೇಖೆ ಆಚೆ ನೆಟ್ರೆ ಉತ್ತರಕ್ಕೆ.
ಯಾಕೆ ಅಂತ ಓದಿದೋರಿಗೂ ಸರಿಯಾಗಿ ಗೊತ್ತಿಲ್ಲ.'
ಪೈಪನ್ನು ಬೇರೆ ಪಾತಿಗೆ ತಿರುಗಿಸಿದ.

ಗುರುವಾರ ನದೀಮ್ ಬರಲಿಲ್ಲ.
ರಾತ್ರಿ ಕೂತು, ಅಭ್ಯಾಸಬಲ, ಬಿಳಿ ಹಾಳೆಯಲ್ಲಿ
ಸದರಿ ಮರದ ಚಕ್ಕುಬಂದಿ ಬರೆದೆ:
ಪೂರ್ವಕ್ಕೆ ಪಕ್ಕದವರ ಒಣಗುವ ಬಟ್ಟೆ,
ಪಶ್ಚಿಮಕ್ಕೆ ಕರೆಂಟು ತಂತಿ,
ಉತ್ತರಕ್ಕೆ ನಮ್ಮ ಬಚ್ಚಲ ಕಿಟಕಿ,
ದಕ್ಷಿಣಕ್ಕೆ

ಪತ್ರದಲ್ಲಿ ಜಾಗ ಖಾಲಿ ಬಿಟ್ಟರೆ ಅಡ್ಡಗೆರೆ ಎಳೆಯಬೇಕು,
ಆಮೇಲೆ ಯಾರೂ ಏನೂ ಸೇರಿಸದ ಹಾಗೆ.
ಎಷ್ಟು ಸಾವಿರ ಗೆರೆ ಎಳೆದ ಕೈ ಇದು.
ಪೆನ್ನಿಗೆ ಮುಚ್ಚಳ ಹಾಕಿದೆ.
ಹೊರಗೆ ಸರ್ವೆ ಇನ್ನೂ ದೂರುತ್ತಿತ್ತು.